ಸಿದ್ಧ ಮಾದರಿಯ ವರದಿ, ಊರಿನ ಲೆಕ್ಕ

ಉದ್ಯಮವೊಂದಕ್ಕೆ ಸಾಲವನ್ನಾಗಲಿ, ಗಿರಾಕಿಯನ್ನಾಗಲಿ, ಸರಕಾರದ ನೆರವನ್ನಾಗಲಿ ಕೋರುವವರು ತಮ್ಮ ಯೋಜನೆ ಏನು, ಅದಕ್ಕೆ ತಗಲುವ ವೆಚ್ಚವೆಷ್ಟು, ಅದರಿಂದ ಬರಬಹುದಾದ ಆದಾಯವೆಷ್ಟು ಎಂಬುದನ್ನು ಬರಹದಲ್ಲಿ ಮಂಡಿಸುವ ದಾಖಲೆಗೆ ಉದ್ಯಮ ಪ್ರಸ್ತಾವನೆ ಎಂದು ಹೆಸರು. ಬ್ಯಾಂಕಿಗೆ ಸಲ್ಲಿಸುವಾಗ ಅದು ಪ್ರಾಜೆಕ್ಟ್ ರಿಪೋರ್ಟ್ ಅಥವಾ ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ, ಎನಿಸಿಕೊಳ್ಳುತ್ತದೆ. ಸಗಟು ಖರೀದಿದಾರನಿಗೆ ಕಳುಹಿಸುವಾಗ ಕೊಟೇಷನ್ ಸಹಿತವಾದ ಪೂರೈಕೆ ಪ್ರಸ್ತಾವನೆಯಾಗುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಹಾಳೆತಟ್ಟೆ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಗೇರುಬೀಜ ಸಂಸ್ಕರಣೆ, ತೆಂಗಿನೆಣ್ಣೆ ಮುಂತಾದ ಸಣ್ಣ ಘಟಕಗಳನ್ನು ಕಟ್ಟಲು ಹೊರಟವರೆಲ್ಲರೂ ಈ ಬರವಣಿಗೆಯ ಹೊಸ್ತಿಲನ್ನು ದಾಟಲೇಬೇಕು. ಮೊದಲು ಕಂಪ್ಯೂಟರಿನ ಸಿದ್ಧ ಮಾದರಿಗಳು, ಈಚಿನ ವರ್ಷಗಳಲ್ಲಿ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈ ಕೆಲಸವನ್ನು ಬಹುಪಾಲು ತಮ್ಮ ವಶಕ್ಕೆ ತೆಗೆದುಕೊಂಡಿವೆ. ಹೀಗಾಗಿ ಪ್ರಸ್ತಾವನೆಯ ಯಾವ ಭಾಗವನ್ನು ಯಂತ್ರಕ್ಕೆ ಒಪ್ಪಿಸಬಹುದು, ಯಾವ ಭಾಗವನ್ನು ಉದ್ಯಮಿಯೇ ಕುಳಿತು ಬರೆಯಬೇಕು ಎಂಬ ಪ್ರಶ್ನೆ ಮಹಾನಗರದ ಕಂಪನಿಗಳಷ್ಟೇ ಈ ಮೂರು ತಾಲ್ಲೂಕುಗಳ ಕೃಷಿಕುಟುಂಬಗಳಿಗೂ ಸಂಬಂಧಿಸಿದ್ದಾಗಿದೆ.

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೊಂದಿದೆ. ಎಲ್ಲ ಪ್ರಸ್ತಾವನೆಗಳಲ್ಲೂ ಒಂದೇ ಬಗೆಯಾಗಿರುವ ಭಾಗವನ್ನು ಯಂತ್ರ ಬರೆಯಲಿ. ಸಾಲ ತೀರುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ಪ್ರತಿಯೊಂದು ಅಂಕಿಯನ್ನು, ಆ ಅಂಕಿಯ ಹಿಂದಿರುವ ಊಹೆಯನ್ನು, ಕೆಳಗೆ ಸಹಿ ಹಾಕುವ ವ್ಯಕ್ತಿಯೇ ತನ್ನ ತೋಟ, ತನ್ನ ಊರು, ತನ್ನ ಗಿರಾಕಿಯನ್ನು ನೋಡಿ ಬರೆಯಲಿ. ಮಾದರಿಯೊಂದರಲ್ಲಿ ಹೆಸರು, ವಿಳಾಸ, ಊರುಗಳನ್ನು ತುಂಬಿದ ಮಾತ್ರಕ್ಕೆ ಬರಹ ವ್ಯಕ್ತಿಗತವಾಗುವುದಿಲ್ಲ. ಅರ್ಜಿದಾರನಿಗಷ್ಟೇ ಗೊತ್ತಿರುವ ಸಂಗತಿಯೊಂದು ಲೆಕ್ಕವನ್ನು ಬದಲಾಯಿಸಿದಾಗ ಮಾತ್ರ ಅದು ಅವನದಾಗುತ್ತದೆ.

ಮಾದರಿಗಳು ಏಕೆ ಬಂದವು

ಸಿದ್ಧ ಮಾದರಿಗಳನ್ನು ಸಾರಾಸಗಟಾಗಿ ತೆಗಳುವುದು ನ್ಯಾಯವಲ್ಲ, ಏಕೆಂದರೆ ಅವು ಹುಟ್ಟಿಕೊಂಡದ್ದೇ ನಿಜವಾದ ಅಗತ್ಯದಿಂದ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ, ಜನರ ಬಾಯಲ್ಲಿ ಪಿಎಂಇಜಿಪಿ ಎಂದೇ ಬಳಕೆಯಲ್ಲಿರುವ ಯೋಜನೆಯಲ್ಲಿ, ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಅವಕಾಶವಿದ್ದು, ಗ್ರಾಮೀಣ ಪ್ರದೇಶದ ಸಾಮಾನ್ಯ ವರ್ಗದವರಿಗೆ ಶೇಕಡಾ 25, ಮಹಿಳೆಯರೂ ಸೇರಿದ ವಿಶೇಷ ವರ್ಗದವರಿಗೆ ಶೇಕಡಾ 35 ಸಹಾಯಧನ ದೊರೆಯುತ್ತದೆ. 2020ರ ಜೂನ್ 29ರಂದು ಚಾಲನೆ ಪಡೆದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಾದ ಪಿಎಂಎಫ್‌ಎಂಇ ಶೇಕಡಾ 35ರಂತೆ ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಾಲಕ್ಕೆ ಜೋಡಿಸಿದ ಸಹಾಯಧನ ಕೊಡುತ್ತದೆ. ಕರ್ನಾಟಕ ಸರಕಾರ ಅದಕ್ಕೆ ತನ್ನ ಪಾಲನ್ನೂ ಸೇರಿಸಿದೆ. ಇಂಥ ಯೋಜನೆಗಳಿಗೆ ಬರುವ ಅರ್ಜಿಗಳನ್ನು ಒಂದೇ ಅಳತೆಗೋಲಿನಿಂದ ಪರಿಶೀಲಿಸಬೇಕಾದರೆ ಎಲ್ಲ ವರದಿಗಳೂ ಒಂದೇ ಅನುಕ್ರಮದಲ್ಲಿ ಇರಬೇಕಾಗುತ್ತದೆ. ಉದ್ಯಮಿಯ ಪರಿಚಯ, ಸ್ಥಳ, ಯಂತ್ರೋಪಕರಣ, ಕಚ್ಚಾವಸ್ತು, ಮಾರುಕಟ್ಟೆ, ವೆಚ್ಚ, ಆದಾಯ, ಸಾಲ ಮರುಪಾವತಿ ಎಂಬ ಅಧ್ಯಾಯಗಳು ಯಾವ ಘಟಕಕ್ಕೂ ತಪ್ಪಿದ್ದಲ್ಲ. ಸವಕಳಿಯ ಕೋಷ್ಟಕ, ಕಂತಿನ ಪಟ್ಟಿ, ಐದು ವರ್ಷಗಳ ಲಾಭನಷ್ಟದ ಅಂದಾಜು ಇವೆಲ್ಲ ಕೂಡಿಸಿ ಕಳೆಯುವ ಕೆಲಸವಾದುದರಿಂದ, ಮನುಷ್ಯ ರಾತ್ರಿಯೆಲ್ಲ ಕುಳಿತು ಮಾಡಿ ತಪ್ಪುವುದಕ್ಕಿಂತ ಕಂಪ್ಯೂಟರು ಕ್ಷಣದಲ್ಲಿ ಸರಿಯಾಗಿ ಮಾಡುವುದೇ ಮೇಲು.

ಇದಲ್ಲದೆ ಭಾಷೆಯ ತೊಡಕೂ ಇದೆ. ಮನೆಯಲ್ಲಿ ತುಳು, ಅರೆಭಾಷೆ, ಹವಿಗನ್ನಡ, ಬ್ಯಾರಿ, ಕೊಂಕಣಿ ಅಥವಾ ಮಲಯಾಳ ಮಾತನಾಡುತ್ತ, ಶಾಲೆಯಲ್ಲಿ ಕನ್ನಡ ಕಲಿತು, ಹತ್ತಾರು ವರ್ಷ ಹಪ್ಪಳ ಮಾಡಿ ಮಾರಿದ ಮಹಿಳೆಗೆ ತನ್ನ ಕಸುಬಿನ ಒಳಹೊರಗೆಲ್ಲ ತಿಳಿದಿದ್ದರೂ, ಅದನ್ನು ಬ್ಯಾಂಕಿನ ಇಂಗ್ಲಿಷ್ ನಮೂನೆಗೆ ಇಳಿಸುವುದು ಸುಲಭವಲ್ಲ. ಯಂತ್ರದ ನೆರವು ಈ ಅಡೆತಡೆಯನ್ನು ನಿಜಕ್ಕೂ ತಗ್ಗಿಸಿದೆ. ಆದುದರಿಂದ ಸ್ವಯಂಚಾಲನೆ ಬೇಕೋ ಬೇಡವೋ ಎಂಬ ಚರ್ಚೆಗೆ ಈಗ ಅರ್ಥವಿಲ್ಲ. ಅದರ ಎಲ್ಲೆ ಎಲ್ಲಿರಬೇಕು ಎಂಬುದನ್ನು ಮಾತ್ರ ಗುರುತಿಸಬೇಕಾಗಿದೆ. ಆ ಎಲ್ಲೆಯನ್ನು ಕಾಣಲು ಈ ಭಾಗದ ಅತ್ಯಂತ ಪರಿಚಿತ ಘಟಕವೊಂದರ ವರದಿಯನ್ನು ಬಿಡಿಸಿ ನೋಡುವುದು ಒಳ್ಳೆಯದು.

ಹಾಳೆತಟ್ಟೆಯ ಲೆಕ್ಕ

2022ರ ಜುಲೈ 1ರಂದು ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂದ ಮೇಲೆ ಅಡಿಕೆ ಹಾಳೆಯ ತಟ್ಟೆಗಳಿಗೆ ಬೇಡಿಕೆಯ ಹೊಸ ನಿರೀಕ್ಷೆ ಹುಟ್ಟಿತು. ಸಿದ್ಧ ಮಾದರಿಯ ವರದಿಯಲ್ಲಿ ಇಂಥ ಘಟಕದ ಕಚ್ಚಾವಸ್ತುವಿನ ಬಗ್ಗೆ ಇರುವುದು ಸಾಮಾನ್ಯವಾಗಿ ಒಂದೇ ವಾಕ್ಯ: ಕಚ್ಚಾವಸ್ತು ಸ್ಥಳೀಯವಾಗಿ ಹೇರಳವಾಗಿ ಲಭ್ಯವಿದೆ. ಅದರ ಬೆನ್ನಿಗೇ ವರ್ಷಕ್ಕೆ 300 ದಿನ ಕೆಲಸ, ಮೊದಲ ವರ್ಷ ಉತ್ಪಾದನಾ ಸಾಮರ್ಥ್ಯದ ಶೇಕಡಾ 60, ಎರಡನೆಯ ವರ್ಷ 70, ಮೂರನೆಯ ವರ್ಷ 80 ಎಂಬ ಅಂಕಿಗಳು ಬರುತ್ತವೆ. ಉತ್ಪಾದನಾ ಸಾಮರ್ಥ್ಯದ ಬಳಕೆ ಎಂದರೆ ಯಂತ್ರ ಪೂರ್ತಿ ದುಡಿದರೆ ತೆಗೆಯಬಹುದಾದ ಮಾಲಿನಲ್ಲಿ ವಾಸ್ತವವಾಗಿ ಎಷ್ಟು ಪಾಲು ತೆಗೆಯಲಾಗುತ್ತದೆ ಎಂಬ ಪ್ರಮಾಣ. ತುಮಕೂರಿನ ಘಟಕಕ್ಕೂ ಪುತ್ತೂರಿನ ಘಟಕಕ್ಕೂ, ಬೇಕರಿಗೂ ಹಾಳೆತಟ್ಟೆಗೂ ಇವೇ ಅಂಕಿಗಳು ಬಳಕೆಯಾಗುತ್ತಿರುವುದೇ ಇವು ಯಾವ ಘಟಕಕ್ಕೂ ಸೇರಿದವಲ್ಲ ಎಂಬುದಕ್ಕೆ ಸಾಕ್ಷಿ.

ಈ ಒಂದು ವಾಕ್ಯವನ್ನು ಊರಿನ ಲೆಕ್ಕಕ್ಕೆ ಇಳಿಸಿದರೆ ಏನಾಗುತ್ತದೆ ಎಂದು ನೋಡಬಹುದು. ಉದಾಹರಣೆಗೆ ದಿನಕ್ಕೆ 1,000 ತಟ್ಟೆ ಒತ್ತಬಲ್ಲ ಘಟಕವೊಂದು 300 ದಿನ ಶೇಕಡಾ 60ರ ಸಾಮರ್ಥ್ಯದಲ್ಲಿ ದುಡಿದರೆ ವರ್ಷಕ್ಕೆ 1,80,000 ತಟ್ಟೆಗಳಾಗುತ್ತವೆ. ಒಂದು ಹಾಳೆಯಿಂದ ಸರಾಸರಿ ಎರಡು ತಟ್ಟೆ ಎಂದಿಟ್ಟುಕೊಂಡರೆ 90,000 ಹಾಳೆ ಬೇಕು. ಶಿಫಾರಸಿನ ಅಂತರವಾದ 2.7 ಮೀಟರಿನಂತೆ ನೆಟ್ಟ ಒಂದು ಎಕರೆ ತೋಟದಲ್ಲಿ ಸುಮಾರು 550 ಅಡಿಕೆ ಮರಗಳಿರುತ್ತವೆ. ಮರವೊಂದು ವರ್ಷಕ್ಕೆ ಹಾಳೆ ಸಹಿತ ಆರು ಸೋಗೆ ಬೀಳಿಸುತ್ತದೆ ಎಂದು ಎಣಿಸಿದರೆ ಎಕರೆಗೆ 3,300 ಹಾಳೆ. ಆದರೆ ಮಳೆಗಾಲದಲ್ಲಿ ಬಿದ್ದ ಹಾಳೆ ನೆಲದ ತೇವಕ್ಕೆ ಕಪ್ಪಾಗಿ ಬೂಸ್ಟು ಹಿಡಿಯುವುದರಿಂದ ತಟ್ಟೆಗೆ ಒದಗುವುದು ಬಹುತೇಕ ಒಣಗಾಲದ ಹಾಳೆ ಮಾತ್ರ, ಅಂದರೆ ಅರ್ಧದಷ್ಟು, ಸುಮಾರು 1,650. ಈ ಲೆಕ್ಕದಂತೆ ಹರಿದ ಹಾಳೆ, ಸೀಳಿದ ಹಾಳೆಗಳನ್ನು ಕಳೆಯದೆಯೇ ಘಟಕಕ್ಕೆ 55 ಎಕರೆ ತೋಟದ ಹಾಳೆ ಬೇಕಾಗುತ್ತದೆ. ಹೇರಳವಾಗಿ ಲಭ್ಯವಿದೆ ಎಂಬ ಮಾತಿನ ಜಾಗದಲ್ಲಿ ಈಗ ಉತ್ತರಿಸಲೇಬೇಕಾದ ಪ್ರಶ್ನೆಗಳು ಬಂದು ನಿಲ್ಲುತ್ತವೆ: ಈ 55 ಎಕರೆ ಯಾರದು, ಹಾಳೆ ಹೆಕ್ಕುವವರು ಯಾರು, ಬಿದ್ದ ಎಷ್ಟು ದಿನದೊಳಗೆ ಹೆಕ್ಕುತ್ತಾರೆ, ಅದೇ ತೋಟಗಳ ಹಾಳೆಯನ್ನು ಈಗಾಗಲೇ ಕೊಳ್ಳುತ್ತಿರುವ ಬೇರೆ ಘಟಕ ಹತ್ತಿರದಲ್ಲಿದೆಯೇ, ಹಾಳೆಯನ್ನು ಜಾನುವಾರಿನ ಮೇವಿಗೆ ಬಳಸುವ ಮನೆಗಳು ಅದನ್ನು ಮಾರುತ್ತವೆಯೇ.

ಉತ್ತರಗಳು ತಾಲ್ಲೂಕಿನಿಂದ ತಾಲ್ಲೂಕಿಗೆ ಮಾತ್ರವಲ್ಲ, ಗ್ರಾಮದಿಂದ ಗ್ರಾಮಕ್ಕೂ ಬದಲಾಗುತ್ತವೆ. ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು, ತೊಡಿಕಾನ ಭಾಗದಲ್ಲಿ ಅಡಿಕೆಯ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತ ಬಂದಿದೆ. ಇದೇ ರೋಗ ಕೇರಳದಲ್ಲಿ 1914ರಷ್ಟು ಹಿಂದೆಯೇ ಕಾಣಿಸಿಕೊಂಡದ್ದು. ಇದರ ಮೇಲೆ ಎಲೆಚುಕ್ಕಿ ರೋಗದ ಹಾವಳಿಯೂ ಸೇರಿರುವಾಗ, ಆ ಭಾಗದ ಘಟಕವೊಂದು ಐದು ವರ್ಷಗಳ ಉದ್ದಕ್ಕೂ ಕಚ್ಚಾವಸ್ತುವಿನ ಲಭ್ಯತೆ ಏರುತ್ತಲೇ ಹೋಗುತ್ತದೆ ಎಂದು ಬರೆದುಕೊಂಡರೆ ಆ ವರದಿ ತನ್ನ ಸುತ್ತಲಿನ ತೋಟಗಳನ್ನೇ ನೋಡಿಲ್ಲವೆಂದು ತಿಳಿಯಬೇಕು. ಎಲ್ಲ ಮಾದರಿಗಳಲ್ಲೂ ಶೇಕಡಾ 60, 70, 80 ಎಂದು ಏರುವ ರೇಖೆ ಇಂಥ ಕಡೆ ಮಟ್ಟಸವಾಗಿರಬೇಕಾಗಬಹುದು, ಅಥವಾ ಕೊಡಗಿನ ಗಡಿಯಾಚೆಯಿಂದಲೋ ಬೇರೆ ತಾಲ್ಲೂಕಿನಿಂದಲೋ ಹಾಳೆ ತರುವ ಸಾಗಣೆವೆಚ್ಚವನ್ನು ವರದಿ ಒಳಗೊಳ್ಳಬೇಕಾಗಬಹುದು.

ಮಳೆಗಾಲ ಮತ್ತು ದುಡಿಯುವ ಬಂಡವಾಳ

ಇನ್ನೊಂದು ಕಡೆಯಿಂದಲೂ ಇದೇ ಲೆಕ್ಕ ಬಿಗಿಯಾಗುತ್ತದೆ. ಕಚ್ಚಾವಸ್ತು ಕೊಂಡು, ಕೂಲಿ ಮತ್ತು ವಿದ್ಯುತ್ ಬಿಲ್ಲು ಕೊಟ್ಟು, ಮಾಲು ಮಾರಿ ಹಣ ಕೈಸೇರುವವರೆಗೆ ಘಟಕವನ್ನು ನಡೆಸಲು ಬೇಕಾದ ಹಣಕ್ಕೆ ದುಡಿಯುವ ಬಂಡವಾಳ ಎನ್ನುತ್ತಾರೆ. ಸಿದ್ಧ ಮಾದರಿಗಳು ಸಾಮಾನ್ಯವಾಗಿ ಒಂದು ತಿಂಗಳ ಕಚ್ಚಾವಸ್ತುವನ್ನು ಲೆಕ್ಕ ಹಾಕಿ ಇದನ್ನು ನಿರ್ಧರಿಸುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಮಳೆ ಸುರಿಯುವ ಪ್ರದೇಶದಲ್ಲಿ ಹಾಳೆಯನ್ನು ಬೇಸಗೆಯಲ್ಲೇ ಒಣಗಿಸಿ ಕಟ್ಟಿ ನಾಲ್ಕು ತಿಂಗಳಿಗಾಗುವಷ್ಟು ಕೂಡಿಡಬೇಕಾಗುತ್ತದೆ. ಅದಕ್ಕೆ ನೆಲದಿಂದ ಎತ್ತರದಲ್ಲಿರುವ, ಗಾಳಿಯಾಡುವ, ಸೋರದ ಕೊಟ್ಟಿಗೆ ಬೇಕು, ಮತ್ತು ಆ ನಾಲ್ಕು ತಿಂಗಳ ಹಾಳೆಯ ಹಣ ಮೇ ತಿಂಗಳಲ್ಲೇ ಕೈಬಿಟ್ಟು ಹೋಗಿರುತ್ತದೆ. ಬಿರುಗಾಳಿಗೆ ಮರ ಬಿದ್ದು ವಿದ್ಯುತ್ ತಂತಿ ಹರಿಯುವ ದಿನಗಳಲ್ಲಿ ಅಚ್ಚನ್ನು ಬಿಸಿಮಾಡುವ ಯಂತ್ರ ತಣ್ಣಗಿರುತ್ತದೆ. ಘಟ್ಟದ ಮೇಲಿನ ಗಿರಾಕಿಗೆ ಮಾಲು ಕಳಿಸುವವರು 2018ರ ಆಗಸ್ಟಿನ ಭೂಕುಸಿತದಿಂದ ಸಂಪಾಜೆ ಘಾಟಿಯ ದಾರಿ ಮುಚ್ಚಿದ್ದನ್ನು ಮರೆಯುವಂತಿಲ್ಲ. ಈ ಸಂಗತಿಗಳನ್ನೆಲ್ಲ ಈ ಊರಿನ ಯಾವ ಕೃಷಿಕನೂ ಬಲ್ಲ. ಆದರೆ ವರದಿಯ ಖಾಲಿ ಜಾಗಗಳನ್ನು ತುಂಬುವಾಗ ಅವುಗಳನ್ನು ಯಾರೂ ಅವನಿಂದ ಕೇಳುವುದಿಲ್ಲ.

ಇದರ ಪರಿಣಾಮ ಎಷ್ಟೆಂಬುದನ್ನು ಬ್ಯಾಂಕುಗಳು ಅತಿ ಹೆಚ್ಚು ಗಮನಿಸುವ ಅಂಕಿಯಾದ ಡಿಎಸ್‌ಸಿಆರ್, ಅಂದರೆ ಸಾಲ ತೀರಿಸುವ ಸಾಮರ್ಥ್ಯದ ಅನುಪಾತ, ತೋರಿಸಿಕೊಡುತ್ತದೆ. ನಿವ್ವಳ ಲಾಭ, ಸವಕಳಿ ಮತ್ತು ಸಾಲದ ಬಡ್ಡಿಗಳನ್ನು ಕೂಡಿಸಿ, ಆ ಮೊತ್ತವನ್ನು ಆ ವರ್ಷ ಕಟ್ಟಬೇಕಾದ ಬಡ್ಡಿ ಮತ್ತು ಅಸಲಿನ ಕಂತುಗಳಿಂದ ಭಾಗಿಸಿದರೆ ಈ ಅನುಪಾತ ಸಿಗುತ್ತದೆ. ಅದು 1ಕ್ಕಿಂತ ಕೆಳಗಿಳಿದರೆ ಘಟಕದ ಗಳಿಕೆಯಿಂದ ಕಂತು ಕಟ್ಟಲಾಗದು ಎಂದರ್ಥ, ಮತ್ತು ಬ್ಯಾಂಕುಗಳು ಸಾಮಾನ್ಯವಾಗಿ 1.5ರ ಆಸುಪಾಸಿನ ಸರಾಸರಿಯನ್ನು ಬಯಸುತ್ತವೆ. ವರದಿಯೊಂದರಲ್ಲಿ ಲಾಭ 1,20,000, ಸವಕಳಿ 60,000, ಬಡ್ಡಿ 50,000 ರೂಪಾಯಿ ಇದ್ದು, ಬಡ್ಡಿ ಮತ್ತು ಅಸಲು ಸೇರಿ 1,50,000 ರೂಪಾಯಿ ಕಟ್ಟಬೇಕಿದ್ದರೆ ಅನುಪಾತ 1.53 ಆಗಿ ವರದಿ ಸಲೀಸಾಗಿ ಪಾಸಾಗುತ್ತದೆ. ಮಳೆಗಾಲದಲ್ಲಿ ಕೆಲಸದ ದಿನಗಳು ಕಡಿಮೆಯಾಗಿ ಲಾಭ 40,000 ರೂಪಾಯಿಗೆ ಇಳಿದರೆ ಅದೇ ಅನುಪಾತ ಸರಿಯಾಗಿ 1ಕ್ಕೆ ಬಂದು ನಿಲ್ಲುತ್ತದೆ. ಮನೆಖರ್ಚಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಯಂತ್ರ ಈ ಭಾಗಾಕಾರವನ್ನು ಎರಡೂ ಸಲ ತಪ್ಪಿಲ್ಲದೆ ಮಾಡಿಕೊಡುತ್ತದೆ. ಯಾವ ಲಾಭವನ್ನು ಭಾಗಿಸಬೇಕು ಎಂಬ ತಿಳಿವು ಮಾತ್ರ ಹಾಳೆ ಒಣಗಿಸಿದವರಲ್ಲಿದೆ. ಬ್ಯಾಂಕನ್ನು ಒಪ್ಪಿಸಲೆಂದು ಏರಿಸಿದ ಅಂಕಿ ಮಂಜೂರಾತಿಯ ದಿನ ನೆರವಾಗಬಹುದು, ಆದರೆ ಕಂತಿನ ದಿನ ಅದರ ಭಾರ ಬೀಳುವುದು ವರದಿ ಟೈಪು ಮಾಡಿದವರ ಮೇಲಲ್ಲ, ಸಾಲ ಪಡೆದ ಕುಟುಂಬದ ಮೇಲೆ.

ಜಾಗದ ವಿವರದಲ್ಲೂ ಇಂಥದೇ ಅಪಾಯವಿದೆ. ಸ್ವಂತ ಜಾಗವಿದೆಯೇ ಎಂಬ ಪ್ರಶ್ನೆಗೆ ಮಾದರಿಯಲ್ಲಿ ಹೌದು, ಇಲ್ಲ ಎಂಬ ಎರಡೇ ಉತ್ತರಗಳಿರುತ್ತವೆ. ದಕ್ಷಿಣ ಕನ್ನಡದಲ್ಲಿ ವರ್ಗ ಜಾಗಕ್ಕೆ, ಅಂದರೆ ಕೃಷಿಕನ ಸ್ವಂತ ಹಿಡುವಳಿಗೆ, ತಾಗಿಕೊಂಡಿರುವ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ಮುಂತಾದವುಗಳನ್ನು ಪಡೆಯುವ ಕುಮ್ಕಿ ಸವಲತ್ತು ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ನಿನಡಿ ಉಳಿದುಕೊಂಡು ಬಂದಿದೆ. ಆದರೆ ಅದು ಒಡೆತನವಲ್ಲವಾದ್ದರಿಂದ ಕುಮ್ಕಿಯಲ್ಲಿ ನಿಂತ ಶೆಡ್ಡು ಬ್ಯಾಂಕಿನ ಅಡಮಾನಕ್ಕೆ ಬಾರದು. ಪುತ್ತೂರು, ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಬೇರ್ಪಡಿಸಿ ಕಡಬ ತಾಲ್ಲೂಕು ರೂಪುಗೊಂಡ ಮೇಲೆ ಹಳೆಯ ಮಾದರಿಯಲ್ಲಿ ತಾಲ್ಲೂಕಿನ ಹೆಸರು ಹಾಗೆಯೇ ಉಳಿದುಬಿಟ್ಟರೆ ಪಹಣಿಗೂ ವರದಿಗೂ ತಾಳೆಯಾಗುವುದಿಲ್ಲ. ಇವು ಸಣ್ಣ ವಿವರಗಳಂತೆ ಕಂಡರೂ ಕಡತ ಮೇಜಿನಿಂದ ಮೇಜಿಗೆ ಹಿಂದಿರುಗುವುದು ಇಂಥವುಗಳಿಂದಲೇ.

ಹಲಸಿನ ಘಟಕ ಮತ್ತು ಜಿಲ್ಲೆಯ ಉತ್ಪನ್ನ

ಪಿಎಂಎಫ್‌ಎಂಇ ಯೋಜನೆ ಜಿಲ್ಲೆಗೊಂದು ಉತ್ಪನ್ನ ಎಂಬ ತತ್ವವನ್ನು ಅನುಸರಿಸುತ್ತದೆ. ಪ್ರತಿ ಜಿಲ್ಲೆಗೂ ಒಂದು ಆಹಾರ ಉತ್ಪನ್ನವನ್ನು ಗುರುತಿಸಿ ಅದರ ಸುತ್ತ ತರಬೇತಿ, ಬ್ರ್ಯಾಂಡಿಂಗ್, ಸಾಮೂಹಿಕ ಸೌಕರ್ಯಗಳನ್ನು ಬೆಳೆಸುವುದು ಇದರ ಉದ್ದೇಶ. ದಕ್ಷಿಣ ಕನ್ನಡಕ್ಕೆ ಗುರುತಿಸಲಾದದ್ದು ಸಮುದ್ರ ಉತ್ಪನ್ನ. ಮಂಗಳೂರಿನ ಬಂದರಿಗೆ ಇದು ಒಪ್ಪುವ ಆಯ್ಕೆಯಾದರೂ, ಘಟ್ಟದ ಬುಡದಲ್ಲಿರುವ ಪುತ್ತೂರು, ಸುಳ್ಯ, ಕಡಬಗಳಿಗೆ ಕಡಲ ತೀರವೇ ಇಲ್ಲ. ಬೇರೆ ಆಹಾರ ಉತ್ಪನ್ನಗಳ ಘಟಕಗಳಿಗೂ ಯೋಜನೆಯ ನೆರವು ಸಿಗುವುದರಿಂದ ಹಲಸು, ಬಾಳೆ, ತೆಂಗು, ಗೇರಿನವರು ಹಿಂಜರಿಯಬೇಕಿಲ್ಲ. ಆದರೆ ಜಿಲ್ಲೆಯ ಉತ್ಪನ್ನದ ಸುತ್ತ ಹೆಣೆದ ಮಾದರಿ ವಾಕ್ಯಗಳನ್ನು ನಂಬಿ ವರದಿ ಬರೆದರೆ ತಮ್ಮ ಘಟಕದ ನಿಜವಾದ ಬಲವನ್ನು ಅವರು ಹೇಳದೆ ಬಿಟ್ಟಂತಾಗುತ್ತದೆ.

ಹಲಸಿನ ಘಟಕದಲ್ಲಿ ಆ ಬಲ ಯಾವುದೆಂದರೆ ಋತುವಿನ ಜ್ಞಾನ. ಹಪ್ಪಳಕ್ಕೂ ಚಿಪ್ಸಿಗೂ ಬೇಕಾದದ್ದು ಬಲಿತೂ ಹಣ್ಣಾಗದ ಸೊಳೆ. ಅದು ಸಿಗುವುದು ವರ್ಷದ ಕೆಲವೇ ತಿಂಗಳು, ಮತ್ತು ಹಪ್ಪಳ ಒಣಗಲು ಬೇಕಾದ ಬಿಸಿಲು ಮುಂಗಾರು ಇಳಿಯುವುದರೊಳಗೆ ಮುಗಿಯುತ್ತದೆ. ಎಲ್ಲಿಯ ಮರ ಬೇಗ ಬಲಿಯುತ್ತದೆ, ಯಾವ ಮರದ ಸೊಳೆ ಎಣ್ಣೆಯಲ್ಲಿ ಗರಿಗರಿಯಾಗುತ್ತದೆ, ಡ್ರೈಯರ್ ಇಟ್ಟರೆ ಎಷ್ಟು ದಿನ ಹೆಚ್ಚು ದುಡಿಯಬಹುದು, ಹಲಸಿನ ಕಾಲ ಮುಗಿದ ಮೇಲೆ ಅದೇ ಬಾಣಲೆಯಲ್ಲಿ ಬಾಳೆಕಾಯಿಯನ್ನೋ ಮರಗೆಣಸನ್ನೋ ಕರಿದು ಘಟಕವನ್ನು ನಡೆಸಬಹುದೇ ಎಂಬುದನ್ನೆಲ್ಲ ಬರೆದ ವರದಿ ಪರಿಶೀಲಿಸುವ ಅಧಿಕಾರಿಗೆ ಕೂಡಲೇ ಬೇರೆಯಾಗಿ ಕಾಣುತ್ತದೆ, ಏಕೆಂದರೆ ಅದರಲ್ಲಿ ಕೆಲಸ ಬಲ್ಲವರ ಗುರುತಿದೆ. ಈ ಯೋಜನೆಯಡಿ ವರದಿ ತಯಾರಿಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸುವ ವ್ಯವಸ್ಥೆಯಿದೆ. ಮಂಜೂರಾದ ಪ್ರತಿ ಸಾಲಕ್ಕೆ 20,000 ರೂಪಾಯಿಯನ್ನು ಅವರಿಗೆ ಯೋಜನೆಯೇ ಕೊಡುತ್ತದೆ. ಅರ್ಧ ಮೊತ್ತ ಮಂಜೂರಾತಿಯ ಬಳಿಕ, ಉಳಿದರ್ಧ ನೋಂದಣಿ, ತರಬೇತಿ, ಅನುಷ್ಠಾನಗಳು ಮುಗಿದ ಬಳಿಕ. ಮಂಜೂರಾತಿಯಲ್ಲಿ ಕೆಲಸ ಮುಗಿಯದಂತೆ ಮಾಡಿರುವ ಈ ಏರ್ಪಾಡು ವಿವೇಕದ್ದು. ಅರ್ಜಿದಾರರು ಇಂಥವರ ಎದುರು ಕುಳಿತು ತಮ್ಮ ಅಂಕಿಗಳನ್ನು ತಾವೇ ಹೇಳಿ ಬರೆಸಬೇಕು. ಆಧಾರ್, ಪಹಣಿ, ಯಂತ್ರದ ಕೊಟೇಷನ್ನುಗಳನ್ನು ಒಪ್ಪಿಸಿ ಮನೆಗೆ ಮರಳುವುದರಿಂದ ವರದಿ ಅವರದಾಗುವುದಿಲ್ಲ.

ಗಿರಾಕಿಗೆ ಬರೆಯುವಾಗ

ಬ್ಯಾಂಕಿಗೆ ಬರೆಯುವುದು ಒಮ್ಮೆಯಾದರೆ ಗಿರಾಕಿಗೆ ಬರೆಯುವುದು ನಿತ್ಯದ ಕೆಲಸ. ಒಂದೇ ಪತ್ರದಲ್ಲಿ ಹೆಸರು ಮಾತ್ರ ಬದಲಾಯಿಸಿ ನೂರು ಜನರಿಗೆ ಕಳುಹಿಸುವ ಸೌಲಭ್ಯ ಈಗ ಯಾರ ಮೊಬೈಲಿನಲ್ಲೂ ಇದೆ, ಮತ್ತು ದರ, ಗಾತ್ರ, ತೆರಿಗೆ, ವಿತರಣೆಯ ಅವಧಿ ಇವುಗಳನ್ನು ಹಾಗೆ ತಯಾರಿಸುವುದೇ ಸರಿ. ಆದರೆ ಹಾಳೆತಟ್ಟೆಯ ಒಂದೇ ಘಟಕಕ್ಕೆ ಬರುವ ಮೂರು ಗಿರಾಕಿಗಳ ಅಗತ್ಯ ಮೂರು ಬಗೆಯದು. ಮದುವೆಯ ಅಡುಗೆ ಗುತ್ತಿಗೆದಾರನಿಗೆ ಸಾರು ಸೋರದ ಆಳವಾದ ತಟ್ಟೆ ಮುಹೂರ್ತದ ದಿನಕ್ಕೆ ತಪ್ಪದೆ ಬರಬೇಕು. ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬರುವ ಯಾತ್ರಿಕರನ್ನು ನೆಚ್ಚಿಕೊಂಡಿರುವ ಸಣ್ಣ ಹೋಟೆಲಿನವನಿಗೆ ಅಗ್ಗದ ಚಿಕ್ಕ ತಟ್ಟೆ ವಾರವಾರವೂ ಸ್ವಲ್ಪಸ್ವಲ್ಪವಾಗಿ ಬೇಕು. ರಫ್ತುದಾರನಿಗೆ ತೇವಾಂಶ, ಬೂಸ್ಟು, ಬಣ್ಣ, ಪ್ರಮಾಣಪತ್ರಗಳ ಖಾತರಿ ಬೇಕು. ಮೂವರಿಗೂ ಪರಿಸರಸ್ನೇಹಿ, ಉತ್ಕೃಷ್ಟ ಗುಣಮಟ್ಟ ಎಂಬ ಒಂದೇ ಮಾತನ್ನು ಬರೆದು ಕಳುಹಿಸಿದರೆ ಮೂವರಿಗೂ ಉತ್ತರ ಕೊಟ್ಟಂತಾಗುವುದಿಲ್ಲ.

ಹಳೆಯ ಮಾದರಿ ಹೊಸ ಸುದ್ದಿಯನ್ನು ತಿಳಿಯದೆ ಹೋಗುವ ಅಪಾಯವೂ ಇಲ್ಲಿದೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯು ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳನ್ನು ಆಹಾರ ಬಡಿಸಲು ಬಳಸುವುದರ ವಿರುದ್ಧ ನಿಲುವು ತಳೆದದ್ದು ಕರಾವಳಿಯ ಈ ಉದ್ಯಮಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. ಆ ಬಳಿಕವೂ ಅಮೆರಿಕಕ್ಕೆ ರಫ್ತಿನ ವಿಪುಲ ಅವಕಾಶವಿದೆ ಎಂಬ ಸಾಲನ್ನು ಹೊತ್ತಿರುವ ಪ್ರಸ್ತಾವನೆಯನ್ನು ಓದಿದವರು ಉಳಿದ ಪುಟಗಳನ್ನೂ ನಂಬುವುದಿಲ್ಲ. ಒಬ್ಬನೇ ಖರೀದಿದಾರನನ್ನು ನೆಚ್ಚಿಕೊಳ್ಳುವ ಯೋಜನೆಯ ಅಪಾಯವನ್ನು ಈ ಪ್ರದೇಶ ಬಹಳ ಹಿಂದೆಯೇ ಕಂಡಿದೆ. ಅಡಿಕೆಯ ಬೆಲೆ ಕುಸಿತಕ್ಕೆ ಉತ್ತರವಾಗಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರ ಜುಲೈ 11ರಂದು ಕರ್ನಾಟಕ, ಕೇರಳಗಳ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಹುಟ್ಟಿತು. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆದ ಕೃಷಿಕರಿಗೆ ಆ ದಶಕದ ಕೊನೆಗೆ ಖರೀದಿ ನಿಂತು ದಿಕ್ಕು ತೋರದಾದಾಗ ಅದೇ ಸಹಕಾರಿ ಸಂಸ್ಥೆ ಕೊಕ್ಕೊ ಕೊಳ್ಳಲು ಮುಂದಾಗಿ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಬೇರೆಡೆಯ ಮಾದರಿಯನ್ನು ನಕಲು ಮಾಡಿದ್ದರೆ ಎರಡು ರಾಜ್ಯಗಳ ಬೆಳೆಗಾರರನ್ನು ಒಟ್ಟುಗೂಡಿಸಿದ ಆ ಯೋಜನೆ ಮೂಡುತ್ತಲೇ ಇರಲಿಲ್ಲ. ಈ ತೋಟಗಳ ಸಂಕಟವನ್ನು ಅರಿತವರು ಈ ತೋಟಗಳಿಗಾಗಿಯೇ ಮಾಡಿದ ಲೆಕ್ಕ ಅದು.

ಕೃತಕ ಬುದ್ಧಿಮತ್ತೆಯ ಬಲ ಮತ್ತು ಮಿತಿ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಿದ್ಧ ಮಾದರಿಯ ಸ್ವರೂಪವೇ ಬದಲಾಯಿತು. ಹಿಂದಿನ ಮಾದರಿಯಲ್ಲಿ ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತಿತ್ತು. ಈಗಿನ ತಂತ್ರಾಂಶ ಆ ಜಾಗವನ್ನು ತಾನೇ ತುಂಬಿ, ಓದಲು ನಯವಾದ ಗದ್ಯವನ್ನು ಕೊಡುತ್ತದೆ. ಅಪಾರ ಪಠ್ಯವನ್ನು ಓದಿ ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುವ ಈ ತಂತ್ರಾಂಶಗಳು ತಮಗೆ ತಿಳಿಯದ ಕಡೆಯೂ ಸಂಭವನೀಯವಾದ ಅಂಕಿಯೊಂದನ್ನು ಬರೆದುಬಿಡಬಲ್ಲವು. ಸುಳ್ಯದಲ್ಲಿ ಹಾಳೆಯ ದರವೆಷ್ಟು, ಬೆಳ್ಳಾರೆಯಲ್ಲಿ ಕೂಲಿಯೆಷ್ಟು ಎಂಬಂಥ ಪ್ರಶ್ನೆಗಳಿಗೆ ಬರಹದಲ್ಲಿ ದಾಖಲಾದ ಉತ್ತರವೇ ಕಡಿಮೆಯಿರುವುದರಿಂದ, ಊರು ಸಣ್ಣದಾದಷ್ಟೂ ಇಂಥ ಊಹೆಯ ಅಪಾಯ ಹೆಚ್ಚು. ವಾಕ್ಯ ತಿದ್ದಿಸಲು, ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತರಲು, ಯಾವ ಅಧ್ಯಾಯ ಬಿಟ್ಟುಹೋಗಿದೆ ಎಂದು ಕೇಳಲು, ಬ್ಯಾಂಕಿನವರು ಕೇಳಬಹುದಾದ ಕಠಿಣ ಪ್ರಶ್ನೆಗಳನ್ನು ಪಟ್ಟಿಮಾಡಿಸಲು ಇವು ಅತ್ಯುತ್ತಮ ಸಹಾಯಕರು. ಅಂಕಿಗಳ ಮೂಲವಾಗಿ ಮಾತ್ರ ಇವನ್ನು ನೆಚ್ಚಬಾರದು. ಗೇರಿನ ಇಳುವರಿ ಬೇಕಾದರೆ ಪುತ್ತೂರಿನ ಮೊಟ್ಟೆತ್ತಡ್ಕದ ಗೇರು ಸಂಶೋಧನಾ ನಿರ್ದೇಶನಾಲಯವಿದೆ, ಅಡಿಕೆ ಮತ್ತು ಕೊಕ್ಕೊದ ಬಗ್ಗೆ ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರವಿದೆ, ದರಕ್ಕೆ ಊರಿನ ಸೊಸೈಟಿ ಮತ್ತು ಅಂಗಡಿಗಳಿವೆ.

ಇನ್ನೊಂದೆಡೆ ಓದುವವರೂ ಯಂತ್ರವಾಗುತ್ತಿದ್ದಾರೆ. 2022ರ ಜೂನ್‌ನಲ್ಲಿ ಆರಂಭವಾದ ಜನ್ ಸಮರ್ಥ್ ಪೋರ್ಟಲ್ ಹಲವು ಸಾಲ ಯೋಜನೆಗಳ ಅರ್ಜಿಗಳನ್ನು ಒಂದೆಡೆ ಸ್ವೀಕರಿಸುತ್ತದೆ. ಸಾರ್ವಜನಿಕ ವಲಯದ ಬ್ಯಾಂಕುಗಳು ಸಣ್ಣ ಉದ್ಯಮಗಳನ್ನು ಅವುಗಳ ಡಿಜಿಟಲ್ ವಹಿವಾಟಿನ ಆಧಾರದ ಮೇಲೆ ತಾವೇ ಮೌಲ್ಯಮಾಪನ ಮಾಡುವ ವ್ಯವಸ್ಥೆಯನ್ನು 2024ರ ಜುಲೈ ಬಜೆಟ್‌ನಲ್ಲಿ ಘೋಷಿಸಲಾಯಿತು. ಯಂತ್ರ ಬರೆದದ್ದನ್ನು ಯಂತ್ರ ಓದುವುದಾದರೆ ಸ್ವಂತ ಬರವಣಿಗೆಗೆ ಬೆಲೆಯೇನು ಎಂದು ಕೇಳಬಹುದು. ಉತ್ತರ ಕಡತದ ಮುಂದಿನ ಹಂತದಲ್ಲಿದೆ. ಪಿಎಂಇಜಿಪಿಯ ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು, ಘಟಕವನ್ನು ಪ್ರತ್ಯಕ್ಷವಾಗಿ ನೋಡಿ ಪರಿಶೀಲಿಸಿದ ಮೇಲಷ್ಟೇ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಅಂಕ ಕೊಡುವುದು ತಂತ್ರಾಂಶವಾದರೂ ಶೆಡ್ಡಿನ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವುದು ಮನುಷ್ಯನೇ, ಮತ್ತು ಆಗ ಉತ್ತರಿಸಬೇಕಾದವರು ಉದ್ಯಮಿಯೇ.

ಕೈಗೆ ಲೇಖನಿ

ದುಡಿಯುವವರೇ ತಮ್ಮ ಲೆಕ್ಕವನ್ನು ಬರೆಯುವುದರಲ್ಲಿ ಈ ನಾಡಿಗೆ ಅನುಭವವಿಲ್ಲದೆ ಇಲ್ಲ. ನೆರೆಯ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಕಸುಬಿನೊಂದಿಗೆ ಮಾರುಕಟ್ಟೆ ಸಮೀಕ್ಷೆ, ಯೋಜನಾ ವರದಿಗಳನ್ನೂ ಕಲಿಸುತ್ತ ಬಂದು ದೇಶಕ್ಕೇ ಮಾದರಿಯಾಯಿತು. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ಅಡಿಕೆ ಪತ್ರಿಕೆ ಕೃಷಿಕರ ಕೈಗೆ ಲೇಖನಿ ಎಂಬ ಧ್ಯೇಯದೊಂದಿಗೆ ಬೆಳೆಗಾರರಿಂದಲೇ ಅವರ ಅನುಭವವನ್ನು ಬರೆಸಿತು. ಶ್ರೀಪಡ್ರೆಯವರ ಸಂಪಾದಕತ್ವದ ಆ ಪತ್ರಿಕೆ ಖರ್ಚು, ಇಳುವರಿ, ಸೋಲುಗಳನ್ನು ಬೆಳೆದವರ ಮಾತಿನಲ್ಲೇ ದಾಖಲಿಸಬಹುದೆಂದು ತೋರಿಸಿಕೊಟ್ಟಿತು. ತೋಟದ ಲೇಖನ ಬರೆಯಬಲ್ಲ ಕೈಗಳಿಗೆ ತಮ್ಮ ಘಟಕದ ಲೆಕ್ಕ ಬರೆಯುವುದು ಹೊರತಾದ ವಿದ್ಯೆಯಲ್ಲ.

ಅದಕ್ಕೆ ಸರಳವಾದ ಕ್ರಮವೊಂದಿದೆ. ಕಂಪ್ಯೂಟರಿನ ಮುಂದೆ ಕೂರುವುದಕ್ಕಿಂತ ಮೊದಲು ಉದ್ಯಮಿ ಒಂದು ಪುಟವನ್ನು ಕೈಯಿಂದ, ತನ್ನ ಭಾಷೆಯಲ್ಲಿ ಬರೆಯಬೇಕು: ಕಚ್ಚಾವಸ್ತು ಎಲ್ಲಿಂದ, ಯಾವ ತಿಂಗಳಲ್ಲಿ, ಯಾವ ದರಕ್ಕೆ ಬರುತ್ತದೆ, ಕೆಲಸ ನಿಜವಾಗಿ ಎಷ್ಟು ದಿನ ನಡೆಯುತ್ತದೆ, ಮೊದಲ ಮೂವರು ಗಿರಾಕಿಗಳು ಯಾರು, ಅವರು ಎಷ್ಟು ದಿನಕ್ಕೆ ಹಣ ಕೊಡುತ್ತಾರೆ, ಎಲ್ಲವೂ ಕೈಕೊಟ್ಟ ವರ್ಷ ಕಂತು ಎಲ್ಲಿಂದ ಬರುತ್ತದೆ. ಯಂತ್ರಕ್ಕೆ ಈ ಪುಟವನ್ನು ಕೊಟ್ಟು ಉಳಿದುದನ್ನು ಬರೆಸಬೇಕು. ಬರೆದು ಮುಗಿದ ಮೇಲೆ ಪ್ರತಿಯೊಂದು ಅಂಕಿಯ ಮೇಲೂ ಬೆರಳಿಟ್ಟು, ಇದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಉತ್ತರ ದೊರೆಯದ ಅಂಕಿಯನ್ನು ಹೊಡೆದುಹಾಕಿ ವಿಚಾರಿಸಿ ತಿದ್ದಬೇಕು. ವರದಿ ಬರೆದುಕೊಡುವ ಸೈಬರ್ ಕೇಂದ್ರಗಳೂ ಲೆಕ್ಕಪರಿಶೋಧಕರ ಕಚೇರಿಗಳೂ ಈ ಒಂದು ಪುಟವಿಲ್ಲದೆ ವರದಿ ತಯಾರಿಸುವುದಿಲ್ಲ ಎಂಬ ನಿಯಮ ಇಟ್ಟುಕೊಂಡರೆ ಅವರ ಗಿರಾಕಿಗಳಿಗೂ ಬ್ಯಾಂಕಿಗೂ ಉಪಕಾರವಾದೀತು. ಪ್ರಾಥಮಿಕ ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು, ಪುತ್ತೂರು ಮತ್ತು ಸುಳ್ಯದ ಕಾಲೇಜುಗಳ ವಾಣಿಜ್ಯ ವಿಭಾಗಗಳು ಊರಿನ ದರ, ಋತು, ಕೂಲಿ, ಸಾಗಣೆಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಿದ್ಧಪಡಿಸಿ ಎಲ್ಲರಿಗೂ ಸಿಗುವಂತೆ ಮಾಡಿದರೆ ಮುಂದಿನ ಅರ್ಜಿದಾರರು ಬೇರೆ ಜಿಲ್ಲೆಯ ಅಂಕಿಗಳನ್ನು ಎರವಲು ತರಬೇಕಿಲ್ಲ. ಸಾಲದ ಅರ್ಜಿಗೆ ಸಹಿ ಹಾಕುವ ಪ್ರತಿಯೊಬ್ಬರೂ ತಮ್ಮ ವರದಿಯನ್ನು ಕೊನೆಯ ಪುಟದವರೆಗೂ ಓದಿ, ಅರ್ಥವಾಗದ ಅಂಕಿ ಒಂದಾದರೂ ಉಳಿದಿದ್ದರೆ ಅದು ಅರ್ಥವಾಗುವವರೆಗೆ ಸಹಿಯನ್ನು ತಡೆಹಿಡಿಯಲಿ.